ಯಾನಾ ಹೇಳಲಿಲ್ಲ

ಮಿರಿಯಮ್, ಆವತ್ತು ನಿಮಗೆ ನಾನು ಸುಳ್ಳು ಹೇಳಿದೆ. ಸಿಸ್ಟರ್ ಕ್ಲಾರಾ ಯುದ್ಧದ ಕಾಲದ್ದೇನೂ ಹೇಳುತ್ತಿರಲಿಲ್ಲ ಅಂದೆನಲ್ಲ — ಎಲ್ಲವನ್ನೂ ಹೇಳಿದ್ದರು. ನನಗೊಬ್ಬಳಿಗೇ.

ಯುರೋಪಿನಿಂದ ಬಂದಿದ್ದ ಅವರು ನನ್ನ ಕಾನ್ವೆಂಟಿನ ಟೀಚರ್. ಅಮ್ಮ ತೀರಿಕೊಂಡ ವರ್ಷ ಬೆಳಗಿನ ಪ್ರಾರ್ಥನೆಗೆ ಮುಂಚೆ ನನಗೆ ಜಡೆ ಹಾಕುತ್ತಿದ್ದವರು — ವಿಪರೀತ ಬಿಗಿಯಾಗಿ, ಸೊಟ್ಟಸೊಟ್ಟಗೆ. ಕೊನೆಗಾಲದಲ್ಲಿ ಕೆಂಗೇರಿಯಾಚೆ, ವಯಸ್ಸಾದ ಸಿಸ್ಟರ್‌ಗಳ ಮನೆಯಲ್ಲಿದ್ದರು. ನಾನು ತಿಳಿಸಾರು ಒಯ್ಯುತ್ತಿದ್ದೆ. ಒಂದು ಮಧ್ಯಾಹ್ನ, ಅಂಗಳದಲ್ಲಿ ಒಣಗುತ್ತಿದ್ದ ಬಟ್ಟೆಗಳನ್ನೇ ನೋಡುತ್ತಾ ಹೇಳಿಬಿಟ್ಟರು.

ಹಿಟ್ಲರನ ಸೈನ್ಯ ಅವರ ದೇಶವನ್ನು ಹಿಡಿದಿದ್ದ ಕಾಲ. ಪಕ್ಕದ ಮನೆಯ ಯಾನಾ ಎಂಬ ಹೆಂಗಸಿಗೆ ಇದ್ದದ್ದು ಒಬ್ಬನೇ ಮಗ. ಒಂದು ದಿನ ಅವರ ಹಗ್ಗದ ಮೇಲೆ ಹೆಣ್ಣುಮಗುವಿನ ಪುಟ್ಟ ಫ್ರಾಕು. ಎದುರುಮನೆಗೆ ಬಾಣಂತಿ ಬಂದದ್ದು, ನೆಂಟರು ಹೊರಟದ್ದು — ನಾವೂ ಹಗ್ಗ ನೋಡಿಯೇ ತಿಳಿಯುವುದಲ್ಲವೇ? ಆ ಮನೆಯಲ್ಲಿ ಯಾರೋ ಅಡಗಿದ್ದಾರೆಂದು ಕ್ಲಾರಾಗೆ ತಿಳಿಯಿತು. ಅಡಗಿದ ಯೆಹೂದಿಗಳನ್ನು ತೋರಿಸಿಕೊಟ್ಟರೆ ಏನಾಗುತ್ತದೆ ಎನ್ನುವುದೂ ತಿಳಿದಿತ್ತು. ಆದರೂ ಹೋಗಿ ಊರಿನ ಪೊಲೀಸನಿಗೆ ಹೇಳಿದರು. ಬಂದವರು ಜರ್ಮನ್ನರಲ್ಲ, ಮಿರಿಯಮ್ — ಅದೇ ಬೀದಿಯಲ್ಲಿ ಆಡಿ ಬೆಳೆದವರು. ಅಲ್ಲಿ ಅಡಗಿದ್ದ ನಿಮ್ಮ ತಾಯಿಯನ್ನೂ ಪುಟ್ಟ ತಂಗಿಯನ್ನೂ ಅವರೇ ಹಿಡಿದು ಜರ್ಮನ್ನರಿಗೆ ಒಪ್ಪಿಸಿದರು. ನಿಮ್ಮ ತಾಯಿಯ ಉಣ್ಣೆಯ ಕೋಟು ಕ್ಲಾರಾಗೆ ಬಹುಮಾನವಾಗಿ ಬಂತು.

"ಬೆಚ್ಚಗಿತ್ತು ಮರಿ. ಹಾಕ್ಕೊಂಡು ಚರ್ಚಿಗೆ ಹೋದೆ," ಅಂದರು. ಅಳಲಿಲ್ಲ. ನಾನು ಸಾರಿನ ಡಬ್ಬಿ ತೊಳೆದುಕೊಂಡು ಬಂದೆ.

ಅವರು ತೀರಿಕೊಂಡ ಮೇಲೆ, ಅವರನ್ನು ನೋಡಲು ಹೋಗುತ್ತಿದ್ದವಳು ನಾನೆಂದು ಕೇಳಿ, ನೀವು ಬಸವೇಶ್ವರನಗರದ ನಮ್ಮ ಮನೆಗೆ ಬಂದಿರಿ — ಬೇರೊಂದು ಹಳ್ಳಿಯಲ್ಲಿ ಅಡಗಿಕೊಂಡು ಬದುಕುಳಿದ ಮಗಳು. ಸೋಫಾದ ತುದಿಯಲ್ಲಿ ಕೂತು, ಕಾಫಿ ಲೋಟವನ್ನು ಕುಡಿಯದೆ ಹಿಡಿದುಕೊಂಡೇ ಕೇಳಿದಿರಿ: "ಯಾನಾರನ್ನ ಪೊಲೀಸರು ಬೇಗ ಬಿಟ್ಟುಬಿಟ್ರು. ಅದಕ್ಕೇ ಅವರೇ ಹಿಡಿದುಕೊಟ್ಟಿದ್ದು ಅಂತ ಊರೆಲ್ಲ ನಂಬಿದೆ. ನಾನೂ ನಂಬಿದೀನಿ. ಕ್ಲಾರಾ ಪಕ್ಕದ ಮನೆಯವರಲ್ವಾ — ಏನಾದ್ರೂ ಹೇಳಿದ್ರಾ?"

"ಇಲ್ಲ," ಅಂದೆ.

ಅಷ್ಟರಲ್ಲಿ ನಮ್ಮತ್ತೆ ಒಳಗಿನಿಂದ: "ಈ ವಯಸ್ಸಲ್ಲಿ ಒಬ್ರೇ ಸಮುದ್ರ ದಾಟಿ ಬಂದಿದಾರೆ, ನಿಂಗೆ ಇಲ್ಲೇ ಮಾರೇನಹಳ್ಳಿಗೆ ಹೋಗೋಕೂ ಜೊತೆ ಬೇಕು! ಬರೀ ಕೈಲಿ ಕಳಿಸ್ಬೇಡ ಕಣೇ, ತಾಂಬೂಲ ಕೊಡು."

ಕೊಟ್ಟೆ. ತೆಂಗಿನಕಾಯಿ, ಎಲೆ ಅಡಿಕೆ, ಹಸಿರು ರವಿಕೆ ಕಣ. ನೀವು ಎರಡೂ ಕೈ ಚಾಚಿ, ತಲೆಬಾಗಿ ತೆಗೆದುಕೊಂಡಿರಿ. ಯಾವುದಕ್ಕಾಗಿ ಬಂದಿದ್ದಿರೋ ಅದೊಂದನ್ನು ಬಿಟ್ಟು —

ತೀರಿಕೊಂಡವರ ಹೆಸರನ್ನು ಕಾಯುತ್ತಿದ್ದೇನೆ ಅಂದುಕೊಂಡೆ. ಯಾನಾ ಕೂಡ ತೀರಿಕೊಂಡವರೇ, ಅದು ಹೊಳೆಯಲಿಲ್ಲ. ಅಲ್ಲ... ಹೊಳೆದಿತ್ತು. ಅವರು ನನಗೆ ಯಾರೂ ಅಲ್ಲ, ಅಷ್ಟೇ.

ಕಳೆದ ವಾರ ನಿಮ್ಮ ನಂಬರಿಗೆ ಫೋನ್ ಮಾಡಿದೆ. ನಿಮ್ಮ ಮಗಳು ಎತ್ತಿದರು. ನೀವಿಲ್ಲ, ಕೊನೆಯವರೆಗೂ ಯಾನಾರನ್ನು ಶಪಿಸುತ್ತಲೇ ಹೋದಿರಂತೆ. ನಾನು ಎಲ್ಲವನ್ನೂ ಹೇಳಿದೆ.

"ಯಾನಾ ಅವರ ಮಗ ಇನ್ನೂ ಇದಾರೆ," ಅಂದರು ನಿಮ್ಮ ಮಗಳು. "ಅದೇ ಊರು, ಅದೇ ಮನೆ. ದ್ರೋಹಿ ಮಗ ಅನ್ನಿಸಿಕೊಂಡೇ ಮುದುಕರಾದರು. ಅವರಿಗೆ ಯಾರು ಹೇಳೋದು?"

"ನಾನು ಹೇಳ್ತೀನಿ," ಅಂದೆ.

ಕ್ಷಮೆ ಕೇಳುವ ಮುಖ ನನಗಿಲ್ಲ. 'ಪೊಲೀಸರಿಗೆ ನಿಮ್ಮಮ್ಮ ಹೇಳಲಿಲ್ಲ' ಅನ್ನುವುದೊಂದನ್ನೇ ಯಾನಾರ ಮಗನಿಗೆ ಹೇಳಬೇಕು — ಅವರ ಕಿವಿಗೆ ಇನ್ನೂ ಕೇಳಿಸುತ್ತಿರುವಾಗಲೇ.