ಅತ್ತೆ ಕಾಲೂರುವ ನೆಲ

ಕೊಚ್ಚಿಯ ಬಾಡಿಗೆ ಫ್ಲ್ಯಾಟಿನಲ್ಲಿ ಜಾರಿ ಬಿದ್ದ ಮೇಲೆ ನನ್ನ ಅತ್ತೆ ಗೋಡೆ ಹಿಡಿಯದೆ ನಡೆಯುವುದನ್ನೇ ಬಿಟ್ಟರು. ಮೂಳೆ ಮುರಿಯಲಿಲ್ಲ, ಅದು ದೇವರ ದಯೆ. ಆದರೆ ಹೆದರಿಕೆ ಒಳಗೆ ಹೊಕ್ಕು ಕೂತಿತು. ಮುಖ ಕಾಣುವಷ್ಟು ಹೊಳೆಯುವ ಆ ಟೈಲ್ಸಿನ ಮೇಲೆ ನೀರು ಬಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಮಿಂದು, ಮಡಿಯುಟ್ಟು, ಒದ್ದೆ ಕಾಲಲ್ಲಿ ದೇವರ ಕೋಣೆಗೆ ಹೋಗುವ ಅಭ್ಯಾಸ ಅವರದು. ಅದೂ ನಿಂತಿತು. ಮಂಚದಲ್ಲಿ ಕೂತೇ ಕೈ ಮುಗಿಯುತ್ತಿದ್ದರು. ಬೈದಿದ್ದರೆ ನನಗೆ ಸಮಾಧಾನವಿತ್ತು. ಅವರು ಬೈಯುವುದನ್ನೂ ಬಿಟ್ಟಿದ್ದರು.

ಯಜಮಾನರಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಅಲ್ಲಿಯ ಪಟ್ಟಂನಲ್ಲಿ ಬಾಡಿಗೆಗಿದ್ದುಕೊಂಡು ಊರಾಚೆಯ ಶ್ರೀಕಾರ್ಯಂನಲ್ಲಿ ಸ್ವಂತ ಮನೆ ಕಟ್ಟಿಸಲು ಹೊರಟೆವು. ಗೋಡೆ ಎದ್ದ ಮೇಲೆ ನೆಲದ ಮಾತು ಬಂತು.

"ಎಲ್ಲರೂ ವಿಟ್ರಿಫೈಡ್ ಟೈಲ್ಸ್ ಹಾಕ್ತಾರೆ. ನಮಗೆ ಮಾತ್ರ ಎಂತಕ್ಕೆ ಬೇರೆ?" ಎಂದರು ಯಜಮಾನರು.

"ನಿಮ್ಮ ಅಮ್ಮ ಅದರಲ್ಲಿ ಕಾಲಿಡ್ಲಿಕ್ಕಿಲ್ಲ."

"ಹಾಗಾದ್ರೆ ಮರ ಹಾಸುವ."

"ನೆಲಕ್ಕೆ ಹಾಸ್ಲಿಕ್ಕೆ ಮರ ಕಡಿಯುವುದಾ? ಮತ್ತೆ ಇಲ್ಲಿಯ ಗೆದ್ದಲಿಗೆ ನಾವೇ ಊಟ ಹಾಕಿದ ಹಾಗೆ."

ಆಗ ಬಾಯಿ ಹಾಕಿದವಳು ಆರ್ಕಿಟೆಕ್ಚರ್ ಓದುತ್ತಿದ್ದ ಮಗಳು. ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಹಳೆಯ ಮಸಾಲೆ ಗೋದಾಮೊಂದನ್ನು ಕೆಡವುತ್ತಿದ್ದಾರೆ, ಅದರ ನೆಲಕ್ಕೆ ಹಾಸಿದ ಮಣ್ಣಿನ ಹೆಂಚು ಇನ್ನೂ ಗಟ್ಟಿಯಿದೆ ಎಂದಳು. ಹೊಸ ಟೈಲ್ಸ್ ಬೇಕಾದರೆ ಮತ್ತೆ ಗುಡ್ಡ ಅಗೆಯಬೇಕು, ಮತ್ತೆ ಭಟ್ಟಿ ಉರಿಸಬೇಕು. ಇದು ಮುತ್ತಜ್ಜನ ಕಾಲದಲ್ಲೇ ಸುಟ್ಟಾಗಿದೆ, ಎತ್ತಿ ತಂದು ಹಾಸಿದರೆ ಮುಗಿಯಿತು. ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಹೇಳಿದ್ದಾದರೂ ಅಡುಗೆಮನೆಯಲ್ಲಿ ಏನನ್ನೂ ಎಸೆಯದ ನನಗೆ ಅದು ಚೆನ್ನಾಗಿ ತಿಳಿಯಿತು.

ಹೋಗಿ ನೋಡಿದೆವು. ಚಪ್ಪಲಿ ಬಿಟ್ಟು ಹೆಂಚಿನ ಮೇಲೆ ನಿಂತೆ. ಬಾಟಲಿಯ ನೀರು ಸುರಿದು, ಕಾಲು ಉಜ್ಜಿ ಉಜ್ಜಿ ನೋಡಿದೆ. ಹೆಂಚು ನೀರು ಕುಡಿಯಿತು, ಕಾಲು ಜಾರಲಿಲ್ಲ. ಚೇಚಿ, ಅಂದರೆ ಅಕ್ಕ, ಡಾನ್ಸ್ ಕಲಿಯುತ್ತಿದ್ದಾರಾ ಎಂದು ಗೋದಾಮಿನವನು ಮಗಳನ್ನು ಕೇಳಿದ. ಅವಳು ನಕ್ಕು ನನ್ನ ಕಡೆ ತಿರುಗಿದಳು. "ಅದೆಲ್ಲ ಸರಿ ಅಮ್ಮಾ, ಅಜ್ಜಿ ಸಮ್ಮತಿಕ್ಕುಮೋ?"

ಅಜ್ಜಿ ಒಪ್ಪುವರೇ ಎಂಬುದೇ ಕಷ್ಟದ ಪ್ರಶ್ನೆ. ಮಡಿಯ ಮನೆಗೆ ಇನ್ನೊಬ್ಬರು ತುಳಿದ ನೆಲವನ್ನು ತರುವುದು ಹೇಗೆ? ಅವರು ಬೇಡವೆಂದರೆ ಹೊಸ ಮನೆಯಲ್ಲೂ ಮಂಚವೇ ಗತಿ.

"ಗೋದಾಮಿನದ್ದಾ? ಮೀನು ಇಟ್ಟಿದ್ರೋ ಎಂತದೋ" ಎಂದರು ಅತ್ತೆ.

"ಕರಿಮೆಣಸು, ಶುಂಠಿ ಇಟ್ಟದ್ದಂತೆ ಅತ್ತೆ."

"ಮಾರುವವರು ಮತ್ತೆ ಹೇಗೆ ಹೇಳ್ತಾರೆ?" ಎಂದು ಸೆರಗು ಸರಿಪಡಿಸಿಕೊಂಡು, "ಗೋಮಯ ತಾಗಿಸು. ಮತ್ತೆ ನೋಡುವ" ಎಂದರು.

ಹೆಂಚು ಕೊಂಡು ಶ್ರೀಕಾರ್ಯಂಗೆ ತರಿಸಿದೆವು. ಗೋಮಯದ ನೀರು ಚಿಮುಕಿಸಿದ್ದರೆ ಸಾಕಿತ್ತು. ನನ್ನ ಭಕ್ತಿಗೆ ಅಷ್ಟು ಸಾಲಲಿಲ್ಲ. ಹಾಸುವ ಮೊದಲು ಹೆಂಚನ್ನು ನೀರಲ್ಲಿ ನೆನೆಸಬೇಕೆಂದು ಮೇಸ್ತ್ರಿ ಡ್ರಮ್ಮುಗಳಲ್ಲಿ ಮುಳುಗಿಸಿಟ್ಟಿದ್ದ. ಆಚೆಮನೆಯ ಹಟ್ಟಿಯಿಂದ ಸಗಣಿ ತಂದು ಆ ಡ್ರಮ್ಮುಗಳಿಗೇ ಧಾರಾಳವಾಗಿ ಕದಡಿದೆ. ಬೆಳಿಗ್ಗೆ ಬಂದ ಮೇಸ್ತ್ರಿ ಇಣುಕಿ ನೋಡಿ, "ಎಂತಾ ಚೇಚಿ ಇದು?" ಎಂದು ಮೂಗು ಮುಚ್ಚಿಕೊಂಡ. ಒಂದೊಂದನ್ನೂ ತಿಕ್ಕಿ ತೊಳೆದು ಹಾಸಿದರೂ ಹೆಂಚು ಕುಡಿದದ್ದನ್ನು ಬಿಟ್ಟುಕೊಡಲಿಲ್ಲ. ನೆಲ ಒರೆಸಿದಾಗಲೆಲ್ಲ ವಾಸನೆ ಏಳುತ್ತಿತ್ತು.

"ಮನೆ ಕಟ್ಟುವ ಅಂತ ಹೇಳಿದ್ರೆ ನೀನು ಹಟ್ಟಿ ಕಟ್ಟಿಸಿದೆ" ಎಂದರು ಯಜಮಾನರು. "ಆಫೀಸಿನವರು ಬಂದಾಗ ಹಸು ಎಲ್ಲಿ ಅಂತ ಕೇಳಿದ್ರೆ ನಿನ್ನನ್ನು ತೋರಿಸ್ತೇನೆ."

ಗೃಹಪ್ರವೇಶದ ದಿನ ಊದುಬತ್ತಿಯ ಮೇಲೆ ಊದುಬತ್ತಿ ಹಚ್ಚಿಟ್ಟೆ. ಅತ್ತೆ ಕಾರಿನಿಂದಿಳಿದು, ಮಗನ ತೋಳು ಹಿಡಿದು ಮೆಟ್ಟಿಲು ಹತ್ತಿ, ಬಾಗಿಲ ದಾರಂದಕ್ಕೆ ಕೈ ಕೊಟ್ಟು ನಿಂತರು. ಮೂಗು ಅರಳಿತು.

"ಯಾರು ಸಾರಿಸಿದ್ದು?"

"ಸಾರಿಸಿದ್ದಲ್ಲ ಅತ್ತೆ. ಹೆಂಚು ನೆನೆಸುವ ಡ್ರಮ್ಮಿಗೆ ಹಾಕಿದೆ."

"ಡ್ರಮ್ಮಿಗಾ?" ಎಂದವರು ನಕ್ಕರು. ಆ ನಗು ಕೇಳದೆ ಎಷ್ಟು ಕಾಲವಾಗಿತ್ತೋ. "ಇವಳೊಬ್ಬಳು" ಎನ್ನುತ್ತ ಬಲಗಾಲು ಒಳಗಿಟ್ಟು ಅಂಗಾಲನ್ನು ಹೆಂಚಿಗೆ ಉಜ್ಜಿದರು. ಇನ್ನೊಂದು ಕಾಲನ್ನೂ ಇಟ್ಟರು. ದಾರಂದ ಹಿಡಿದ ಕೈ ಮೆಲ್ಲನೆ ಸಡಿಲಿತು. ಯಜಮಾನರು ಹಿಡಿಯಲು ಮುಂದಾದಾಗ ನಾನು ಅವರ ಶಾಲು ಜಗ್ಗಿ ನಿಲ್ಲಿಸಿದೆ. ಅತ್ತೆ ಬಾಗಿಕೊಂಡು, ನಿಧಾನಕ್ಕೆ, ನಡುಮನೆ ದಾಟಿದರು. ಎರಡೂ ಬದಿ ಗೋಡೆಯಿತ್ತು, ಮುಟ್ಟಲಿಲ್ಲ. ದೇವರ ಕೋಣೆಯೊಳಗೆ ಹೋಗಿ ಮರೆಯಾದರು.

ನಾವು ಮೂವರೂ ನಿಂತಲ್ಲೇ ನಿಂತಿದ್ದೆವು. ಒಳಗಿಂದ ದನಿ ಬಂತು. "ದೀಪಕ್ಕೆ ಎಣ್ಣೆ ಹಾಕುವವರು ಯಾರು? ಅಲ್ಲೇ ಬೇರು ಬಿಟ್ರಾ ಎಲ್ಲ?"

ಬೈಗುಳ ಕೇಳಿ ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ. ಎಣ್ಣೆಯ ಗಿಂಡಿ ಹಿಡಿದು ಓಡಿದೆ.