ಚರಟದಮ್ಮನ ಗುಂಡಿ

ಬಿಯರ್ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಆಕೆಯನ್ನು ಹಿರಿಯರೂ ಕಿರಿಯರೂ ಚರಟದಮ್ಮ ಎಂದೇ ಕರೆಯುತ್ತಿದ್ದರು. ಬಾರ್ಲಿಯನ್ನು ಬಿಸಿನೀರಿನಲ್ಲಿ ಕಲಸಿ, ಸಿಹಿ ರಸವನ್ನೆಲ್ಲ ಬಸಿದುಕೊಂಡ ಮೇಲೆ ಉಳಿಯುವ ಒದ್ದೆ ಹೊಟ್ಟೇ ಚರಟ. ಕಾರ್ಖಾನೆಗೆ ಅದು ಬೇಡದ ಭಾರ. ಚರಟದಮ್ಮನ ಹಸುಗಳಿಗೆ ಒಂದು ಹೊತ್ತು ಅದು ತಪ್ಪಿದರೆ ಕೊಟ್ಟಿಗೆಯೇ ಮೇಲೆ ಕೆಳಗೆ.

ಬೆಳಿಗ್ಗೆ ಸೈರನ್ ಕೂಗಿದೊಡನೆ ಹಿಂಬಾಗಿಲ ಬಳಿ ತಳ್ಳುಗಾಡಿಗಳು ಸಾಲುಗಟ್ಟುತ್ತಿದ್ದವು. ಗೋಡೆಯಿಂದ ಹೊರಚಾಚಿದ ದಪ್ಪ ಕೊಳವೆಯಿಂದ ಹಬೆಯಾಡುವ ಚರಟ ದಬದಬನೆ ಬೀಳುತ್ತಿತ್ತು. ಚರಟದಮ್ಮ ಒಂದು ಹಿಡಿ ತೆಗೆದು ಹಿಂಡಿ, ಮೂಸಿ ನೋಡಿ, ಒಪ್ಪಿಗೆಯಾದರೆ ಮಾತ್ರ ಗಾಡಿಯನ್ನು ಕೊಳವೆಯ ಕೆಳಗೆ ನೂಕುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಇದೇ ಪಾಡು. ಚರಟ ಮರುದಿನಕ್ಕೆ ಹುಳಿ ನಾರುತ್ತದೆ, ಅದರ ಮರುದಿನಕ್ಕೆ ಬೂಸಲು ಹಿಡಿಯುತ್ತದೆ. ಕೂಡಿಡುವ ಮಾತೇ ಇಲ್ಲ. ಹಸುಗಳಾದರೋ ಬಾಯಿರುಚಿಗೆ ಬಿದ್ದವು. ಒಣಹುಲ್ಲು ಹಾಕಿದರೆ ಬೀಗರ ಮನೆಯಲ್ಲಿ ಮುನಿಸಿಕೊಂಡವರಂತೆ ಮುಖ ಆಚೆ ತಿರುಗಿಸುತ್ತಿದ್ದವು. ಹೀಗಾಗಿ ಚರಟದಮ್ಮ ಬೇರೆ ಊರಿನಲ್ಲಿ ಒಂದು ರಾತ್ರಿಯೂ ಮಲಗಿದವಳಲ್ಲ. ಗಾಡಿ ತಳ್ಳಿ ತಳ್ಳಿ ಗಂಡನ ಸೊಂಟ ಬಿದ್ದುಹೋದ ಮೇಲಂತೂ ಓಣಿಯ ತಿರುವು ದಾಟುವುದೂ ಅಪರೂಪವಾಯಿತು.

ಅಂಥವಳಿಗೆ ಹೊಳೆಯಾಚೆಯ ಊರಿನಿಂದ ಅಕ್ಕನ ಫೋನು ಬಂತು. ತಾಯಿಯಿಲ್ಲದ ಮನೆಯಲ್ಲಿ ಅವಳನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ.

"ಬರೋ ತಿಂಗಳು ಹೊಟ್ಟೆ ಆಪರೇಷನ್ ಅಂತೆ ಕಣೇ. ನೀನೊಂದು ವಾರ ಬಂದು ಪಕ್ಕದಲ್ಲಿರು. ನಿನ್ನ ಮುಖ ನೋಡ್ಕೊಂಡು ಒಳಗೆ ಹೋಗ್ತೀನಿ."

"ಬರ್ತೀನಿ ಅಕ್ಕ" ಎಂದುಬಿಟ್ಟಳು. ಫೋನು ಇಟ್ಟ ಮೇಲೆ ಕೊಟ್ಟಿಗೆಯ ಕಡೆ ನೋಡಿದಳು. ಒಂದು ವಾರ ಇವಕ್ಕೆ ಚರಟ ತರುವವರಾರು?

ದಾರಿ ತೋರಿಸಿದವನು ಮಾವ. ಕಣ್ಣು ಮಂಜಾಗಿ ಜಗಲಿ ಹಿಡಿದಿದ್ದ ಮುದುಕ. "ನಮ್ಮ ಕಾಲದಲ್ಲಿ ಈ ಕಾರ್ಖಾನೆ ಎಲ್ಲಿತ್ತಮ್ಮ? ಓಣಿ ತುದೀಲಿ ಬಿಯರ್ ಕಾಯಿಸೋ ಮನೆ ಒಂದಿತ್ತು. ಚಳಿಗಾಲದಲ್ಲಿ ಮಾತ್ರ ಒಲೆ ಹಚ್ತಿದ್ರು. ಆ ಚರಟಾನ ಗುಂಡೀಲಿ ತುಂಬ್ಕೊಂಡು ಬೇಸಿಗೆ ಪೂರ್ತಿ ತಿನ್ನಿಸ್ತಿದ್ವಿ."

"ಕೆಡ್ತಿರಲಿಲ್ವಾ ಮಾವ?"

"ಒಳಗೆ ಗಾಳಿ ಹೋದ್ರೆ ತಾನೆ ಕೆಡೋದು? ಕತ್ತರಿಸಿದ ಹುಲ್ಲು ಬೆರೆಸಿ, ಉಪ್ಪು ಎರಚಿ, ಇರುವೆ ನುಸುಳೋಕೂ ಸಂದಿ ಇಲ್ದಂಗೆ ತುಳಿದು ಮುಚ್ಚಿಬಿಡ್ತಿದ್ವಿ. ಆಮೇಲೆ ಬೇಕಾಗೋ ತನಕ ಅದರ ತಂಟೆಗೆ ಹೋಗಬಾರದು."

ಕೊಟ್ಟಿಗೆಯ ಹಿಂದೆ ಪಾಳುಬಿದ್ದಿದ್ದ ಇಟ್ಟಿಗೆಯ ತೊಟ್ಟಿಯೇ ಗುಂಡಿಯಾಯಿತು. ಚರಟದಮ್ಮ ಸಾಲಿನ ಕೊನೆಯಲ್ಲಿ ಇನ್ನೊಮ್ಮೆ ನಿಂತು, ಕೊಳವೆಯ ಬಾಯಲ್ಲಿ ಉಳಿದದ್ದನ್ನೂ ಬಳಿದು ತಂದಳು. ಸೀರೆ ಎತ್ತಿ ಕಟ್ಟಿ ತೊಟ್ಟಿಗಿಳಿದು ತುಳಿದಳು.

ಗಂಡ ಕಟ್ಟೆಗೆ ಒರಗಿ ನಿಂತು ನಕ್ಕ. "ನಮ್ಮ ಮದುವೇಲೂ ನೀನು ಇಷ್ಟು ಕುಣಿದಿರಲಿಲ್ಲ."

"ಆಗ ಕುಣಿಯೋಕೆ ಕಾರಣ ಏನಿತ್ತು?"

ತಾಡಪಾಲು ಹೊದಿಸಿ ಕಲ್ಲು ಹೇರಿದ್ದಾಯಿತು. ಅವಳು ಹೋದಾಗ ಗಂಡ ಅದನ್ನೇ ಬಗೆದು ಬಗೆದು ಹಾಕುವುದು. ಅಷ್ಟು ದಿನ ಅವಳ ಪಾಲಿನ ಗಾಡಿಯನ್ನು, ಸಾಲಿನಲ್ಲಿ ಅವಳ ಹಿಂದೆ ನಿಲ್ಲುತ್ತಿದ್ದ ಹಂದಿ ಸಾಕುವವನು ತುಂಬಿಸಿಕೊಂಡು ಸಾಲಿನಲ್ಲಿ ಅವಳ ಜಾಗ ಉಳಿಸುವುದು. "ಹೋಗ್ಬಾ ಚರಟದಮ್ಮ, ನಿನ್ನ ಹೆಸರು ಹೇಳ್ಕೊಂಡು ನನ್ನ ಹಂದಿಗಳೂ ನಾಲ್ಕು ತುತ್ತು ಜಾಸ್ತಿ ತಿನ್ಲಿ" ಎಂದ ಅವನು.

ಎಲ್ಲ ಸರಿಯಾಗಿತ್ತು. ಆದರೆ ದಿನ ಬೆಳಗಾದರೆ ಚರಟ ಮೂಸಿ ನೋಡಿಯೇ ಮುಂದಿನ ಕೆಲಸಕ್ಕೆ ಕೈ ಹಾಕಿದ ಜೀವ ಅದು. ಕಣ್ಣಿಗೆ ಕಾಣದ ಚರಟವನ್ನು ನಂಬುವುದು ಹೇಗೆ? ಮೊದಲ ದಿನವೇ ಒಂದು ಕಲ್ಲು ಸರಿಸಿ, ತಾಡಪಾಲಿನ ಮೂಲೆ ಎತ್ತಿ, ಮೊಳಕೈವರೆಗೆ ತೋಳು ಇಳಿಸಿ ಹಿಡಿಯಷ್ಟು ತೆಗೆದು ಮೂಸಿದಳು. ಚೆನ್ನಾಗಿತ್ತು. ಅದೇ ಧೈರ್ಯದಲ್ಲಿ ಮಾರನೆಯ ದಿನ ಇನ್ನೊಂದು ಮೂಲೆ. ಕೂಸಿಗೆ ಜ್ವರ ಬಂತೇ ಎಂದು ಹಣೆ ಮುಟ್ಟಿ ನೋಡಿದಂತೆ ದಿನವೂ ನೋಡಿದಳು. ಒಳಗೆ ಬೆಚ್ಚಗಿದೆ ಎನಿಸಿದಾಗ, ಹದಕ್ಕೆ ಬರುತ್ತಿದೆ ಎಂದುಕೊಂಡಳು.

ಹೊರಡುವ ಹಿಂದಿನ ದಿನ ಮಾವನನ್ನು ಕೈಹಿಡಿದು ಕರೆತಂದು ಗುಂಡಿ ತೆರೆಸಿದಳು. ತಾಡಪಾಲು ಸರಿಯುವ ಮುಂಚೆಯೇ ಮುದುಕ ಮೂಗು ಸಿಂಡರಿಸಿದ. ಮೇಲಿಂದ ಕೆಳಗೆ ತೋಳುಗಾತ್ರದ ಬಿಲಗಳು. ಅವುಗಳ ಸುತ್ತ ಹಸಿರು, ಕಪ್ಪು ಬೂಸಲು. ಸಲಿಕೆಯಿಂದ ಕೆದಕಿದಷ್ಟೂ ಅದೇ.

"ಇದನ್ನ ತಿಂದ್ರೆ ಹಸು ಉಳಿಯಲ್ಲ. ಯಾರು ತೆಗೆದೋರು?"

"ನಾನೇ ಮಾವ. ಬರೀ ಮೂಸಿ ನೋಡಿದೆ."

"ದಿನಾನಾ?"

"ದಿನಾ."

ಮುದುಕ ತಾಡಪಾಲನ್ನು ತಡವಿ ಮತ್ತೆ ಎಳೆದು ಮುಚ್ಚಿದ. ಗಂಡ ಮೆಲ್ಲಗೆ, "ನೀನು ಹೋಗು. ಗಾಡಿ ನಾನು ತಳ್ತೀನಿ" ಎಂದು ಹಿಡಿಕೆಗೆ ಕೈಹಾಕಿದ. ಖಾಲಿ ಗಾಡಿ ಹೊಸ್ತಿಲ ತಗ್ಗು ದಾಟುವಷ್ಟರಲ್ಲಿ ಸೊಂಟ ಹಿಡಿದು ಕುಳಿತ. ಚರಟದಮ್ಮ ಅವನನ್ನು ಎಬ್ಬಿಸಿ ಮಲಗಿಸಿದಳು. ಕಟ್ಟಿಟ್ಟಿದ್ದ ಚೀಲದಿಂದ ಸೀರೆಗಳನ್ನು ತೆಗೆದು ಪೆಟ್ಟಿಗೆಗೆ ಹಾಕಿದಳು. ಬರಲಾಗದೆಂದು ಅಕ್ಕನಿಗೆ ಹೇಳುವುದನ್ನು ಮಾತ್ರ ಇವತ್ತು ನಾಳೆ ಎಂದು ಮುಂದೂಡಿದಳು.

ಆಪರೇಷನ್ನಿನ ದಿನ ಅಕ್ಕನ ಫೋನು ಬಂದಾಗ ಅವಳು ಕೊಳವೆಯ ಕೆಳಗಿದ್ದಳು. ಚರಟ ಬೀಳುವ ಸದ್ದಿನಲ್ಲಿ ಮಾತು ಅರ್ಧಂಬರ್ಧ.

"ಅಕ್ಕ, ನಾನೇ ನನ್ನ ಕೈಯಾರೆ..."

"ಏನೂ ಕೇಳಿಸ್ತಿಲ್ಲ ಕಣೇ. ಅದೇನು ಸದ್ದು? ಹೊಳೆನಾ? ಹತ್ತಿರದಲ್ಲೇ ಬಂದಿದೀಯಾ?"

ಚರಟದಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಆ ಕಡೆ ಯಾರೋ "ಸಾಕು ಅಮ್ಮ, ಫೋನ್ ಕೊಡಿ, ಒಳಗೆ ಹೋಗ್ಬೇಕು" ಎಂದರು, ಕರೆ ನಿಂತಿತು.

ಗಾಡಿ ತುಂಬಿ ಬಿಸಿ ಚರಟ ಅವಳ ಪಾದದ ಮೇಲೆ ಸುರಿಯತೊಡಗಿತ್ತು. "ಚರಟದಮ್ಮ, ಗಾಡಿ ತಳ್ಳು, ಹಿಂದೆ ಜನ ಇದಾರೆ" ಎಂದ ಹಂದಿ ಸಾಕುವವನು. ಅವಳು ಒಂದು ಹಿಡಿ ತೆಗೆದು, ಹಿಂಡಿ, ಮೂಸಿ ನೋಡಿ, ಗಾಡಿ ತಳ್ಳಿದಳು.