ಜೋಮು ಡಾಕ್ಟರ ಮುಂಗೈ

ನಮ್ಮ ಆಸ್ಪತ್ರೆಯ ಅರಿವಳಿಕೆ ವೈದ್ಯರನ್ನು ನಾವು ನರ್ಸುಗಳೆಲ್ಲ ಬೆನ್ನ ಹಿಂದೆ ಜೋಮು ಡಾಕ್ಟರು ಎನ್ನುತ್ತೇವೆ. ಊರಿಗೆಲ್ಲ ಜೋಮು ಹಿಡಿಸುವ ಈ ಮನುಷ್ಯನ ಕಾಲು ಮಾತ್ರ ಒಂದು ಗಳಿಗೆ ನಿಂತಲ್ಲಿ ನಿಲ್ಲುವುದಿಲ್ಲ. ಕುರ್ಚಿ ಕೊಟ್ಟರೆ ಅದನ್ನೇ ತಳ್ಳಿಕೊಂಡು ಓಡಾಡುತ್ತಾರೆ, ಒಂದು ಲೋಟ ಚಹಾವನ್ನು ಮೂರು ಕೋಣೆಗಳಲ್ಲಿ ಕುಡಿದು ಮುಗಿಸುತ್ತಾರೆ. ಸಿಕ್ಕಿದವರಿಗೆಲ್ಲ ಒಂದೇ ಪುರಾಣ: "ಹಲ್ಲು ಕೀಳೋವಾಗ ಒಸಡಿಗೆ ಕೊಡ್ತಾರಲ್ಲ ಮರಗಟ್ಟೋ ಮದ್ದು, ಅದನ್ನೇ ಹನಿ ಹನಿಯಾಗಿ ರಕ್ತಕ್ಕೆ ಬಿಟ್ರೆ ಮಿದುಳು ಉಳೀಬಹುದು ಕಣ್ರೀ. ರಕ್ತ ಕಮ್ಮಿಯಾದಾಗ ಅದು ಗಾಬರಿಬಿದ್ದು ಇರೋ ಶಕ್ತೀನೂ ಸುಟ್ಕೊಳ್ಳುತ್ತೆ. ಸುಮ್ನಿರಪ್ಪಾ ಅಂತ ತಲೆ ಸವರಬೇಕು, ಅಷ್ಟೇ." "ಸಾಬೀತಾಗಿದೆಯಾ ಸಾರ್?" ಎಂದರೆ ಗಡಿಯಾರ ನೋಡುತ್ತಾ, "ಪೂರ್ತಿ ಇಲ್ಲ, ಅದಕ್ಕೇ ಅವಸರ" ಎನ್ನುತ್ತಾರೆ. ತಲೆಯ ಆಪರೇಷನ್ನಿಗೆ ಮುಂಚೆ ರೋಗಿಯಿಂದ ಮನೆಯ ಗುಟ್ಟೊಂದನ್ನು ಕೇಳಿ, ಬಿಳಿ ಪ್ಲಾಸ್ಟರಿನ ಮೇಲೆ ಬರೆದು ತಮ್ಮ ಮುಂಗೈಗೆ ಅಂಟಿಸಿಕೊಳ್ಳುವುದು ಅವರ ಪದ್ಧತಿ. ಎಚ್ಚರವಾದೊಡನೆ, ನೆನಪು ಉಳಿದಿದೆಯೇ ಎಂದು ನೋಡಲು, ಅದೇ ಪ್ರಶ್ನೆ: "ನಿಮ್ಮತ್ತೆಗೆ ನೀವಿಟ್ಟ ಅಡ್ಡಹೆಸರೇನಮ್ಮಾ?" ಆಕೆ ತೊದಲುತ್ತಾ "ಫಿರಂಗಿ" ಎಂದರೆ, ಅತ್ತೆ ಬಾಗಿಲಲ್ಲೇ ನಿಂತಿದ್ದರೂ ಸರಿ, ಇವರು ಕುಣಿಯುವುದೊಂದು ಬಾಕಿ, ಮುಂಗೈ ಕೂದಲ ಸಮೇತ ಪ್ಲಾಸ್ಟರು ಕಿತ್ತೆಸೆಯುತ್ತಾರೆ. ಮೊನ್ನೆ ಕತ್ತರಿಗೆಂದು ಅವರ ಬೀರು ತೆಗೆದೆ. ಬಾಗಿಲ ಒಳಬದಿಯಲ್ಲಿ ಹಳದಿಗಟ್ಟಿದ ಪ್ಲಾಸ್ಟರೊಂದು ಅಂಟಿತ್ತು: "ಅಣ್ಣ ನನ್ನನ್ನು ಕರೆಯುವ ಹೆಸರು: ಬುಗುರಿ." ಬೆನ್ನ ಹಿಂದೆ ಕುರ್ಚಿಯ ಸದ್ದು ನಿಂತಿತು. "ಅದನ್ನ ಕೀಳ್ಬೇಡಿ ಸಿಸ್ಟರ್. ನಮ್ಮಣ್ಣನ ತಲೆ ಆಪರೇಷನ್ ಆಗಿ ಏಳು ವರ್ಷ. ಅವತ್ತಿಂದ ಪ್ರತಿ ಭಾನುವಾರ ಹೋಗಿ ಕೇಳ್ತಿದ್ದೀನಿ, ಅಣ್ಣ ಇನ್ನೂ ಹೇಳಿಲ್ಲ" ಎಂದು, ನಾನು ಕಂಡ ಮಟ್ಟಿಗೆ ಮೊದಲ ಸಲ, ಅವರು ಆ ಕುರ್ಚಿಯಲ್ಲಿ ಕುಳಿತರು.